ಅದಲುಬದಲಾದ ಪದ

ಮೇಜಿನ ಮೇಲಿದ್ದ ಗಾಜಿನ ಲೋಟ ಒಡೆಯಲಿಲ್ಲ, ಅಷ್ಟೇ ಪುಣ್ಯ.

ಡ್ರೈವಿಂಗ್ ಮೇಷ್ಟ್ರು ಇನ್ನೊಮ್ಮೆ ಮುಷ್ಟಿ ಬಿಗಿದು ಕುಟ್ಟಿದರು. ಲೋಟ ಎಗರಿ ಕೂತಿತು. ನೀರು ತುಳುಕಿ ಅಲಾರಂ ಕಂಪನಿಯ ಮ್ಯಾನೇಜರನ ನುಣುಪು ಕಾಗದಗಳ ಮೇಲೆ ಹರಿಯಿತು.

“ಅಲಾರಂ ಹೊಡ್ಕೊಂಡಿದೆ. ನೀವು ಅಂಗಡಿಗೆ ಫೋನ್ ಮಾಡಿದೀರಿ. ನನ್ನಕ್ಕ ಫೋನ್ ಎತ್ತಿ ‘ಗುಬ್ಬಚ್ಚಿ’ ಅಂದಿದಾಳೆ. ಗುಬ್ಬಚ್ಚಿ ಅಂದ್ರೆ ಏನ್ರೀ ಅರ್ಥ? ಕಾಪಾಡಿ ಅಂತ! ಪಕ್ಕದಲ್ಲೇ ಅಪಾಯ ನಿಂತಿದೆ, ಬಾಯಿಬಿಟ್ಟು ಹೇಳೋಕಾಗಲ್ಲ, ಯಾರನ್ನಾದ್ರೂ ಕಳಿಸಿ ಅಂತ! ಯಾರನ್ನ ಕಳಿಸಿದ್ರಿ? ಒಂದು ನರಪಿಳ್ಳೆಯಾದ್ರೂ ಬಂತಾ?”

“ಸರ್, ಕೂತ್ಕೊಂಡು ಮಾತಾಡೋಣ.”

“ನನ್ನಕ್ಕ ಅಲ್ಲಿ ಕಣ್ಣು ಬಿಡದೆ ಮಲಗಿದಾಳೆ. ನಾನು ಇಲ್ಲಿ ಆರಾಮಾಗಿ ಕೂತ್ಕೋಬೇಕಾ?”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಪತ್ತೇದಾರಳು ಬಾಯಿ ಹಾಕಲಿಲ್ಲ. ಕೂಗುವವರನ್ನು ಕೂಗಲು ಬಿಡಬೇಕು, ಆಗ ಎದುರಿಗಿರುವವನ ಮುಖ ಸರಿಯಾಗಿ ಕಾಣುತ್ತದೆ. ಪೊಲೀಸ್ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದು, ಒಂದು ದಿನ ಮೇಲಧಿಕಾರಿಯ ಮುಖಕ್ಕೆ ಟೋಪಿ ಎಸೆದು ಹೊರಬಂದವಳು ಅವಳು. ದನಿ ಒರಟು, ಹಿಡಿದದ್ದನ್ನು ಎರಡು ತುಂಡಾಗುವವರೆಗೆ ಬಿಡುವವಳಲ್ಲ. ಇಲಾಖೆಯವರು ಇಟ್ಟ ‘ಗರಗಸ’ ಎಂಬ ಅಡ್ಡಹೆಸರು ಅವಳ ಜೊತೆಗೇ ಹೊರಬಂದಿತ್ತು. ಅವಳಿಗೂ ಅದು ಒಗ್ಗಿಹೋಗಿತ್ತು.

ಕನ್ನಡಕದಂಗಡಿಯ ಅಕ್ಕ ತನ್ನ ಅಂಗಡಿಯಲ್ಲೇ ತಲೆಗೆ ಏಟು ತಿಂದು ಬಿದ್ದು ಒಂದು ವಾರವಾಗಿತ್ತು. ಆಕೆಯ ತಮ್ಮ ಈ ಡ್ರೈವಿಂಗ್ ಮೇಷ್ಟ್ರು. ಗರಗಸಳನ್ನು ಹುಡುಕಿಕೊಂಡು ಬಂದು ಕೆಲಸ ಒಪ್ಪಿಸಿದವರೂ ಇವರೇ.

ಊರಿನ ಅರ್ಧ ಜನಕ್ಕೆ ಬ್ರೇಕ್ ಒತ್ತುವುದನ್ನು ಕಲಿಸಿದ ಮನುಷ್ಯ. ತನ್ನ ಸಿಟ್ಟಿಗೆ ಮಾತ್ರ ಬ್ರೇಕ್ ಇಟ್ಟುಕೊಂಡಿರಲಿಲ್ಲ.

ಗಾಜಿನ ಕೋಣೆಯ ಆಚೆ ಕಂಪನಿಯ ಕರೆಕೇಂದ್ರದ ದೊಡ್ಡ ಹಾಲ್. ಸಾಲು ಸಾಲಾಗಿ ಕೂತವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪಿಸುಗುಡುತ್ತಿದ್ದರು. ಎದುರಿನ ಗೋಡೆ ತುಂಬ ಪರದೆ. ಅದರಲ್ಲಿ ನೂರಾರು ಹಸಿರು ಚುಕ್ಕಿಗಳು, ಒಂದೊಂದೂ ಯಾರದೋ ಮನೆ, ಯಾರದೋ ಅಂಗಡಿ. ಬಾಗಿಲ ಮೇಲೆ ಚಿನ್ನದ ಬಣ್ಣದಲ್ಲಿ ಬರೆದಿತ್ತು: ‘ನಿಮ್ಮ ನಿದ್ದೆ ನಮ್ಮ ಜವಾಬ್ದಾರಿ.’

ಅದನ್ನು ಓದಿದಾಗಿನಿಂದ ಗರಗಸಳ ಹಲ್ಲು ಕಟಕಟ ಅನ್ನುತ್ತಿತ್ತು. ನಿದ್ದೆ ಮಾಡಿಸಿದ್ದಂತೂ ನಿಜ. ಅಕ್ಕ ಇನ್ನೂ ಎದ್ದಿಲ್ಲ.

“ರೆಕಾರ್ಡಿಂಗ್ ಹಾಕಿ,” ಅಂದಳು.

ಮ್ಯಾನೇಜರ್ ಹಿಂಜರಿದ. ಮೂಗಿನ ತುದಿಯ ಬೆವರನ್ನು ಒರೆಸಿಕೊಂಡ. “ಮೇಡಂ, ಇದನ್ನ ಹೊರಗಿನವರಿಗೆ ಯಾರಿಗೂ ಕೇಳಿಸಿಲ್ಲ. ಪೊಲೀಸರಿಗೂ ಇನ್ನೂ ಕೊಟ್ಟಿಲ್ಲ. ನಮ್ಮ ವಕೀಲರು…”

“ನಿಮ್ಮ ವಕೀಲರು ಬಂದಾಗ ಅವರಿಗೂ ಕೇಳಿಸಿ. ಈಗ ನಮಗೆ ಹಾಕಿ.”

ಅವನು ಕಂಪ್ಯೂಟರನ್ನು ತಿರುಗಿಸಿ ಗುಂಡಿ ಒತ್ತಿದ. ಮೊದಲು ಅಲಾರಮ್ಮಿನ ಕಿರುಚಾಟ. ಅದರ ಹಿಂದೆ ಫೋನ್ ಎತ್ತಿದ ಸದ್ದು. ಕೇಂದ್ರದ ಯುವಕನೊಬ್ಬ ಪಾಠ ಒಪ್ಪಿಸುವವನ ಹಾಗೆ ಕೇಳಿದ: “ನಮಸ್ಕಾರ, ನಿಮ್ಮ ಅಂಗಡಿಯಿಂದ ಅಲಾರಂ ಬಂದಿದೆ. ದಯವಿಟ್ಟು ನಿಮ್ಮ ಗುಪ್ತಪದ ಹೇಳಿ.”

ಒಂದು ಉಸಿರಿನಷ್ಟು ಹೊತ್ತು ಮೌನ.

“ಗುಬ್ಬಚ್ಚಿ,” ಎಂದಿತು ಹೆಂಗಸಿನ ದನಿ. ನಡುಕವಿಲ್ಲ, ಅವಸರವಿಲ್ಲ.

“ಧನ್ಯವಾದ ಮೇಡಂ. ಅಲಾರಂ ರದ್ದು ಮಾಡ್ತಿದೀವಿ. ಶುಭ ಸಂಜೆ.”

ಟಕ್ ಎಂದು ಫೋನ್ ಇಟ್ಟ ಸದ್ದು. ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಂತರು.

“ಶುಭ ಸಂಜೆ ಅಂತೆ,” ಅಂದಳು ಗರಗಸ. ದನಿ ಏರಿಸಲಿಲ್ಲ. ಏರಿಸದಿದ್ದಾಗಲೇ ಅವಳ ದನಿ ಹೆಚ್ಚು ಕೊಯ್ಯುತ್ತಿತ್ತು. “ಒಬ್ಬ ಹೆಂಗಸು ಕಾಪಾಡಿ ಅಂದ್ರೆ ಶುಭ ಸಂಜೆ ಹೇಳಿ ಫೋನ್ ಇಡೋದಾ ನಿಮ್ಮ ಪದ್ಧತಿ?”

“ಆ ಹುಡುಗನ ತಪ್ಪಿಲ್ಲ ಮೇಡಂ. ಪರದೆ ಮೇಲೆ ಬರೆದದ್ದನ್ನ ಅವನು ಪಾಲಿಸಿದಾನೆ. ನೋಡಿ.” ಮ್ಯಾನೇಜರ್ ಅಕ್ಕನ ಖಾತೆ ತೆರೆದು ತೋರಿಸಿದ. “ಪ್ರತಿ ಗ್ರಾಹಕರಿಗೂ ಖಾತೆ ತೆರೆಯುವಾಗ ಎರಡು ಪದ ಇಡಿಸ್ತೀವಿ. ಒಂದು, ಎಲ್ಲಾ ಸರಿಯಿದೆ ಅನ್ನೋಕೆ. ಇನ್ನೊಂದು, ಯಾರೋ ಎದುರಿಗೆ ನಿಂತು ಹೆದರಿಸ್ತಿದ್ರೆ ಅವರಿಗೆ ಗೊತ್ತಾಗದ ಹಾಗೆ ನಮಗೆ ತಿಳಿಸೋಕೆ. ಇವರ ಖಾತೆಯಲ್ಲಿ ‘ಗುಬ್ಬಚ್ಚಿ’ ಎಲ್ಲಾ ಸರಿಯಿದೆ ಅನ್ನೋ ಕಡೆ ಇದೆ. ‘ದಾಳಿಂಬೆ’ ಅನ್ನೋದು ಸಹಾಯದ ಕಡೆ.”

“ತಿರುಗುಮುರುಗು!” ಮೇಷ್ಟ್ರು ಗರ್ಜಿಸಿದರು. “ದಾಳಿಂಬೆ ಅಂದ್ರೆ ಸರಿಯಿದೆ ಅಂತ. ಗುಬ್ಬಚ್ಚಿ ಅಂದ್ರೆ ಕಾಪಾಡಿ ಅಂತ. ಖಾತೆ ತೆರೆದ ದಿನ ನಾನೇ ಪಕ್ಕದಲ್ಲಿ ಕೂತಿದ್ದೆ. ನನ್ನ ಕಿವಿಯಾರೆ ಕೇಳಿದೀನಿ!”

ಮ್ಯಾನೇಜರ್ ಕಣ್ಣು ತಗ್ಗಿಸಿದ. ಮೊದಲೇ ಕಲಿತಿಟ್ಟುಕೊಂಡ ಮಾತು ಬರಲಿದೆ ಎನ್ನುವುದು ಅವನು ಬಾಯಿ ತೆರೆಯುವ ಮೊದಲೇ ಗರಗಸಳಿಗೆ ಗೊತ್ತಾಯಿತು.

“ನಿಮ್ಮ ನೋವು ನಮಗೆ ಅರ್ಥ ಆಗುತ್ತೆ ಸರ್. ಖಾತೆ ವಿಭಾಗದ ಹುಡುಗಿಯೊಬ್ಬಳ ಕೈತಪ್ಪು ಇದು. ಆಕೆಯನ್ನ ಕೆಲಸದಿಂದ ತೆಗೆದಿದೀವಿ. ಇವತ್ತೇ ಕೊನೆ ದಿನ.”

“ನನಗೆ ಮೂವತ್ತೆಂಟು ವರ್ಷ. ನಾನು ಹುಡುಗಿಯಲ್ಲ.”

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಚೀಲ; ಅದರೊಳಗಿಂದ ಒಂದು ಚಹಾದ ಕಪ್ಪು, ಒಂದು ಶಾಲು, ಮಡಚಿದ ಛತ್ರಿ ಇಣುಕುತ್ತಿದ್ದವು. ಮೇಜು ಖಾಲಿ ಮಾಡಿಕೊಂಡು ಹೊರಟವಳು ಗಾಜಿನ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು ಅನ್ನುವುದು ಅವಳ ಕೆಂಪೇರಿದ ಕಿವಿಗಳಲ್ಲೇ ಕಾಣುತ್ತಿತ್ತು.

“ನೀನು ಆಚೆ ಇರಮ್ಮ,” ಅಂದ ಮ್ಯಾನೇಜರ್.

“ಆಚೆ ಹಾಕಿ ಆಯ್ತಲ್ಲ, ಇನ್ನೆಷ್ಟು ಆಚೆ ಇರಲಿ?” ಚೀಲವನ್ನು ಅವನ ಒದ್ದೆ ಕಾಗದಗಳ ಮೇಲೇ ದಪ್ಪೆಂದು ಇಟ್ಟಳು. “ಮೊನ್ನೆಯಿಂದ ಬಡ್ಕೋತಿದೀನಿ. ನಾನು ಸರಿಯಾಗೇ ಹಾಕಿದ್ದೆ, ಆಮೇಲೆ ಬದಲಾಗಿದೆ, ಖಾತೆಯ ಹಳೆಯ ಕರೆಗಳನ್ನ ತೆಗೆದು ಕೇಳಿ ಅಂತ. ಕೇಳಿದ್ರಾ? ‘ಮಾಲೀಕರು ಒಂದು ಹೆಸರು ಕೇಳ್ತಿದಾರೆ’ ಅಂದ್ರಿ. ಕೊಟ್ರಿ ನನ್ನ ಹೆಸರು. ನಾಳೆ ಇನ್ನೊಂದು ಕಡೆ ಕೆಲಸ ಕೇಳೋಕೆ ಹೋದ್ರೆ ಏನಂತಾರೆ? ಇವಳ ಕೈತಪ್ಪಿಗೆ ಒಬ್ಬರ ತಲೆ ಒಡೀತು ಅಂತಾರೆ!”

“ಆಮೇಲೆ ಬದಲಾಗಿದೆ ಅಂದ್ರೆ?” ಗರಗಸ ಕುರ್ಚಿಯಿಂದ ಎದ್ದಳು. “ಬದಲಾಯಿಸಿದ್ದು ಯಾರು?”

“ಅದನ್ನೇ ಕೇಳಿಸೋಕೆ ಬಂದೆ.”

ಮ್ಯಾನೇಜರ್ ಕಂಪ್ಯೂಟರಿಗೆ ಕೈ ಅಡ್ಡ ಹಿಡಿದ. ಗರಗಸ ಅವನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ತಟ್ಟೆಯಿಂದ ಕೂದಲೆಳೆ ತೆಗೆಯುವ ಹಾಗೆ, ಎತ್ತಿ ಪಕ್ಕಕ್ಕಿಟ್ಟಳು. ಅವನು ಮತ್ತೆ ಕೈ ಚಾಚಲಿಲ್ಲ.

ಖಾತೆಯವಳು ಬಗ್ಗಿ ನಿಂತು ಚಕಚಕನೆ ಒತ್ತಿದಳು. “ಅಲಾರಂ ಹಾಕಿಸಿ ಇನ್ನೂ ಒಂದು ವಾರ ತುಂಬಿರಲಿಲ್ಲ. ಆಗ ಬಂದ ಕರೆ ಇದು. ನಾನೇ ಎತ್ತಿದ್ದು.”

ಮತ್ತೆ ಅದೇ ಹೆಂಗಸಿನ ದನಿ. ಆದರೆ ಈ ಸಲ ಅದರಲ್ಲಿ ನಗು ಬೆರೆತಿತ್ತು.

“ಏನಮ್ಮಾ, ಚೆನ್ನಾಗಿದೀಯಾ? ಕನ್ನಡಕದಂಗಡಿಯಿಂದ ಮಾತಾಡ್ತಿರೋದು. ನನ್ನ ಎರಡು ಪದಗಳನ್ನ ಅದಲುಬದಲು ಮಾಡಬೇಕಿತ್ತು.”

“ಅದಲುಬದಲು ಅಂದ್ರೆ?”

“ದಾಳಿಂಬೆಯನ್ನ ಕಷ್ಟಕ್ಕಿಡು. ಗುಬ್ಬಚ್ಚಿಯನ್ನ ಸುಖಕ್ಕಿಡು.”

“ಬದಲಾಯಿಸೋದಾದ್ರೆ ಹೊಸ ಪದಗಳನ್ನೇ ಇಡಿ ಮೇಡಂ. ಅದು ವಾಸಿ. ಕಾರಣವನ್ನೂ ಕೇಳಲೇಬೇಕು ನಾನು, ನಿಯಮ.”

“ಕಾರಣವಾ?” ದನಿಯ ನಗು ಸ್ವಲ್ಪ ಆರಿತು. “ಪದ ಇಟ್ಟ ದಿನ ಕೋಣೆಯಲ್ಲಿ ಬೇರೆಯವರೂ ಇದ್ರಮ್ಮ. ಕೇಳಬಾರದವನ ಕಿವಿಗೂ ಬಿದ್ದಿದೆ ಅಂತ ಈಗ ಗೊತ್ತಾಯ್ತು. ಹೊಸ ಪದ ಇಟ್ರೆ ಅದನ್ನೂ ತಿಳ್ಕೊಳ್ಳೋಕೆ ನೋಡ್ತಾನೆ ಅವನು. ಇವೇ ಇರಲಿ. ಹಳೇ ಪದ ಗೊತ್ತು ಅನ್ನೋ ಧೈರ್ಯದಲ್ಲೇ ಬರಲಿ ಅವನು. ‘ದಾಳಿಂಬೆ ಅನ್ನು’ ಅಂತ ಕತ್ತು ಹಿಡಿದು ಹೇಳಿಸಲಿ. ಹೇಳ್ತೀನಿ. ಸಂತೋಷವಾಗಿ ಹೇಳ್ತೀನಿ.”

ರೆಕಾರ್ಡಿಂಗ್ ಮುಗಿಯಿತು. ಒದ್ದೆ ಕಾಗದದಿಂದ ನೀರು ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.

“ಕೇಳಿದ್ರಲ್ಲ,” ಅಂದಳು ಖಾತೆಯವಳು. ಅವಳ ಕಣ್ಣು ತುಂಬಿತ್ತು. ಅಳುವೋ ಸಿಟ್ಟೋ, ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. “ಗ್ರಾಹಕರು ಹೇಳಿದ ಹಾಗೆ ಮಾಡಿದೆ. ಇದಕ್ಕೆ ನನ್ನ ಕೆಲಸ ಹೋಯ್ತು.”

ಮ್ಯಾನೇಜರ್ ನೆಟ್ಟಗೆ ಕೂತ. ಬಂದ ಜೀವ ಅವನ ಕೆನ್ನೆಯಲ್ಲಿ ಕಾಣುತ್ತಿತ್ತು. “ಹಾಗಾದ್ರೆ ನಮ್ಮ ಕಡೆ ಯಾವ ತಪ್ಪೂ ಆಗಿಲ್ಲ! ಅವರೇ ಬದಲಾಯಿಸಿದಾರೆ, ಅವರೇ ಎಲ್ಲಾ ಸರಿಯಿದೆ ಅಂದಿದಾರೆ.”

“ಬಾಯಿ ಮುಚ್ಚಿ,” ಅಂದಳು ಗರಗಸ, ಅವನ ಕಡೆ ನೋಡದೆ.

ಅವಳು ಮೇಷ್ಟ್ರನ್ನು ನೋಡುತ್ತಿದ್ದಳು. ಅವರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಇಷ್ಟು ಹೊತ್ತು ಮೇಜು ಕುಟ್ಟಿದ ಕೈ ಈಗ ಬಾಯಿಯ ಮೇಲಿತ್ತು. ಮುಖದ ರಕ್ತವೆಲ್ಲ ಇಳಿದು, ಬಿಳಿ ಕಾಗದದ ಹಾಗಾಗಿದ್ದರು.

ಆಗ ಗರಗಸಳ ತಲೆಯಲ್ಲಿ ಒಂದು ಹಲ್ಲು ಕಚಕ್ ಎಂದು ಕಚ್ಚಿಕೊಂಡಿತು.

“ಮೇಷ್ಟ್ರೇ, ಅಕ್ಕನ ಬಾಯಿಂದ ಬಂದ ಪದ ಗುಬ್ಬಚ್ಚಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಈಗ… ಕೇಳಿದ್ವಲ್ಲ.”

“ಈಗಲ್ಲ. ರೆಕಾರ್ಡಿಂಗ್ ಹಾಕೋ ಮೊದಲೇ ಈ ಮೇಜು ಕುಟ್ಟಿ ಕೂಗಿದ್ರಿ. ಅದಕ್ಕೂ ಮೊದಲು, ನನ್ನ ಮನೆಗೆ ಬಂದ ದಿನವೇ ಹೇಳಿದ್ರಿ. ‘ಅಕ್ಕ ಗುಬ್ಬಚ್ಚಿ ಅಂದಳು, ಆದರೂ ಯಾರೂ ಬರಲಿಲ್ಲ’ ಅಂತ. ಪೊಲೀಸರು ಹೇಳಿರಬೇಕು ಅಂದ್ಕೊಂಡು ನಾನೂ ಸುಮ್ಮನಾದೆ. ಈ ಮನುಷ್ಯ ಈಗ ಏನಂದ? ಪೊಲೀಸರಿಗೂ ಕೊಟ್ಟಿಲ್ಲ ಅಂದ. ಅಕ್ಕನಿಗೆ ಪ್ರಜ್ಞೆ ಇಲ್ಲ. ಹಾಗಾದ್ರೆ ನಿಮಗೆ ಹೇಳಿದ್ದು ಯಾರು?”

ಮೇಷ್ಟ್ರ ಕಣ್ಣು ಬಾಗಿಲ ಕಡೆ ಹರಿಯಿತು.

“ನಾನು ಹೇಳ್ಲಾ?” ಗರಗಸ ಎರಡು ಹೆಜ್ಜೆ ಮುಂದೆ ಬಂದಳು. ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೂ ತಿಳಿಯಲಿಲ್ಲ. “ನೀನು ಅಲ್ಲೇ ಇದ್ದೆ. ಫೋನ್ ಬಂದಾಗ ಅಕ್ಕನ ಎದುರಿಗೇ ನಿಂತಿದ್ದೆ. ನಿನ್ನ ಕಿವಿಯಾರೆ ಕೇಳಿಸ್ಕೊಂಡೆ. ಇಷ್ಟು ದಿನದಿಂದ ನನ್ನನ್ನ ಗಾಣದ ಎತ್ತಿನ ಹಾಗೆ ಸುತ್ತಿಸ್ತಿದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

“ನಾನು ಹೊಡೀಲಿಲ್ಲ.”

“ಅದನ್ನ ನಾನು ಕೇಳಲಿಲ್ಲ.”

“ನನ್ನ ತಾಯಾಣೆ, ನಾನು ಹೊಡೀಲಿಲ್ಲ!” ಮೇಷ್ಟ್ರು ಗೋಡೆ ಸವರಿಕೊಂಡು ಕುಸಿದು ನೆಲಕ್ಕೇ ಕೂತರು. “ಜಗಳಕ್ಕೆ ಹೋಗಿದ್ದೆ. ನಿಜ. ಅಮ್ಮ ಸಾಯೋ ಹೊತ್ತಲ್ಲಿ ನಾನು ಬರಲಿಲ್ಲ, ಕರೆದ್ರೂ ಬರಲಿಲ್ಲ ಅಂತ ಅಕ್ಕ ನೆಂಟರ ಹತ್ತಿರ ಎಲ್ಲ ಹೇಳ್ಕೊಂಡು ಬಂದಿದ್ಲು. ನನಗೆ ತಡ್ಕೊಳ್ಳೋಕೆ ಆಗಲಿಲ್ಲ. ಅಂಗಡಿ ಮುಚ್ಚೋ ಹೊತ್ತಿಗೆ ಹೋದೆ. ಅಲಾರಂ ಹಾಕಿ ಹೊರಡೋಕೆ ನಿಂತಿದ್ಲು. ಮಾತಿಗೆ ಮಾತು ಬೆಳೀತು. ಕನ್ನಡಕ ಇಡೋ ಗಾಜಿನ ಕಪಾಟಿಗೆ ಕೈ ಬೀಸಿ ಹೊಡೆದೆ. ಗಾಜು ಒಡೀತು, ಅಲಾರಂ ಕಿರುಚ್ಕೊಳ್ತು, ಫೋನ್ ಬಂತು.”

“ಆಮೇಲೆ?”

“ಅಕ್ಕ ಫೋನ್ ಎತ್ತಿದ್ಲು. ನನ್ನ ಮುಖಾನೇ ನೋಡ್ತಾ ಗುಬ್ಬಚ್ಚಿ ಅಂದ್ಲು.” ಅವರ ದನಿ ಒಡೆಯಿತು. “ನನಗೆ ಗೊತ್ತಿದ್ದದ್ದು ಹಳೇ ಅರ್ಥ ಅಲ್ವಾ? ಒಡಹುಟ್ಟಿದವಳು ನನ್ನನ್ನ ಕಳ್ಳನ ಹಾಗೆ ಹಿಡಿದುಕೊಡ್ತಿದಾಳೆ ಅಂದ್ಕೊಂಡೆ. ‘ಕರೆಸು, ಪೊಲೀಸರನ್ನೇ ಕರೆಸು, ಇವತ್ತಿಗೆ ನಿನ್ನ ತಮ್ಮ ಸತ್ತ ಅಂದ್ಕೋ’ ಅಂತ ಕೂಗಿ ಹೊರಟುಬಂದೆ. ಅವಳು ಹಿಂದಿನಿಂದ ಏನೋ ಕೂಗಿದ್ಲು. ತಿರುಗಿ ನೋಡಲಿಲ್ಲ.”

“ಏನು ಕೂಗಿದ್ಲು?”

“ನಿಲ್ಲೋ ಅಂದ್ಲು. ಹಾಗಲ್ಲ ಕಣೋ, ನಿಲ್ಲೋ ಅಂದ್ಲು.”

ಖಾತೆಯವಳು ಸದ್ದಿಲ್ಲದೆ ಮುಖ ಆಚೆ ತಿರುಗಿಸಿದಳು.

ಗರಗಸಳ ಸಿಟ್ಟು ಇಳಿಯಲಿಲ್ಲ. ಆದರೆ ಅದು ನಿಂತ ಜಾಗದಿಂದ ಸರಿಯಿತು. ಅಕ್ಕ ಬಲೆ ಹೆಣೆದಿದ್ದಳು. ದಾಳಿಂಬೆ ಅಂದಿದ್ದರೆ ಸಾಕಿತ್ತು, ಹತ್ತು ನಿಮಿಷದಲ್ಲಿ ಕಾವಲುಗಾರರು ಬಂದು ಈ ಒರಟನ ಕೈ ಹಿಡಿಯುತ್ತಿದ್ದರು. ಗಾಜು ಒಡೆದವನು, ಕೂಗಾಡುತ್ತಿದ್ದವನು ಎದುರಿಗೇ ನಿಂತಿದ್ದ. ಆದರೂ ಆಕೆ ‘ಎಲ್ಲಾ ಸರಿಯಿದೆ’ ಅಂದಳು. ತಮ್ಮನನ್ನು ಉಳಿಸಿಕೊಂಡಳು. ಅವನೋ, ಉಳಿಸಿದ ಮಾತನ್ನೇ ಬೈಗುಳ ಅಂದುಕೊಂಡು ಬಾಗಿಲು ದಾಟಿದ.

“ಅವಳು ನಿನ್ನನ್ನ ಹಿಡಿದುಕೊಡಲಿಲ್ಲ,” ಅಂದಳು. “ಅಷ್ಟಾದ್ರೂ ಅರ್ಥ ಆಯ್ತಾ?”

ಮೇಷ್ಟ್ರು ತಲೆಯಾಡಿಸಿದರು. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಸಹಾಯ ಬಂದೇ ಬರುತ್ತೆ ಅಂದ್ಕೊಂಡಿದ್ದೆ. ಅವಳೊಬ್ಬಳೇ ಇರಲ್ಲ ಅನ್ನೋ ಧೈರ್ಯದಲ್ಲೇ ಹೋದೆ. ಬೆಳಿಗ್ಗೆ ಪಕ್ಕದ ದರ್ಜಿ ಫೋನ್ ಮಾಡಿ, ಅಕ್ಕ ನೆಲದ ಮೇಲೆ ಬಿದ್ದಿದಾಳೆ, ರಕ್ತ ಹೆಪ್ಪುಗಟ್ಟಿದೆ ಅಂದಾಗ ನನಗೆ ಇವರ ಮೇಲೆ ರೋಷ ಉಕ್ಕಿತು. ಕರೆದ್ರೂ ಯಾಕೆ ಬರಲಿಲ್ಲ ಇವರು ಅಂತ. ಅಲ್ಲ, ಬಂದವನು ಏನು ಮಾಡ್ತಿದ್ದ ಅಂತ!”

ಗರಗಸ ಹುಬ್ಬು ಗಂಟಿಕ್ಕಿದಳು. “ಬಂದವನಾ?”

“ಅದೇ, ಮೆಟ್ಟಿಲಲ್ಲಿ ಎದುರಾದವನು.”

“ಯಾವ ಮೆಟ್ಟಿಲು? ಯಾರು ಎದುರಾದದ್ದು? ಬಿಡಿಸಿ ಹೇಳು!”

“ಅಂಗಡಿ ಮಹಡಿ ಮೇಲಿದೆಯಲ್ಲ. ನಾನು ಕೆಳಗಿಳೀತಿದ್ದೆ, ಅವನು ಹತ್ತಿ ಬರ್ತಿದ್ದ. ಇವರ ಕಂಪನಿಯ ಜಾಕೆಟ್ ಹಾಕಿದ್ದ. ಇಷ್ಟು ಬೇಗ ಬಂದುಬಿಟ್ರಲ್ಲ ಅಂತ ನನಗೂ ಆಶ್ಚರ್ಯ ಆಯ್ತು. ಹಿಡೀತಾನೇನೋ ಅಂತ ಗೋಡೆ ಕಡೆ ಮುಖ ತಿರುಗಿಸ್ಕೊಂಡೆ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ‘ನೀವು ಹೊರಡಿ ಸರ್, ನಾನು ನೋಡ್ಕೋತೀನಿ’ ಅಂದ.”

“ಇದನ್ನ ಒಂದು ವಾರ ಹೊಟ್ಟೆಯಲ್ಲಿ ಇಟ್ಕೊಂಡಿದ್ಯಾ?”

“ಹೇಳಿದ್ರೆ ನಾನು ಅಲ್ಲಿದ್ದದ್ದು ಗೊತ್ತಾಗುತ್ತಲ್ಲ. ಅದಕ್ಕೇ ನಿಮ್ಮನ್ನ ಹಿಡಿದೆ, ಇವರನ್ನ ಜಾಲಾಡಿದ್ರೆ ಅವನೇ ಸಿಗ್ತಾನೆ ಅಂತ.”

ಅವಳಿಗೆ ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಮ್ಯಾನೇಜರನ ಕಡೆ ತಿರುಗಿದಳು.

“ಯಾರನ್ನ ಕಳಿಸಿದ್ರಿ?”

“ಯಾರನ್ನೂ ಇಲ್ಲ ಮೇಡಂ!” ಅವನ ಕೆನ್ನೆಗೆ ಬಂದ ಜೀವ ಬಂದ ದಾರಿಯಲ್ಲೇ ವಾಪಸಾಗಿತ್ತು. “ಅಲಾರಂ ರದ್ದಾದ ಮೇಲೆ ಯಾರನ್ನ ಕಳಿಸ್ತೀವಿ? ಆ ಸಂಜೆ ಆ ಬೀದಿಗೆ ನಮ್ಮ ಗಾಡಿಯೇ ಹೋಗಿಲ್ಲ.”

“ಜಾಕೆಟ್ಟಿನ ತೋಳಲ್ಲಿ ಪಟ್ಟಿ ಇತ್ತಾ?” ಕೇಳಿದ್ದು ಖಾತೆಯವಳು. ದನಿಯಲ್ಲಿದ್ದ ಕಾವೆಲ್ಲ ಹೋಗಿ, ಬರೀ ಒಣ ಪ್ರಶ್ನೆ ಉಳಿದಿತ್ತು. “ಯಾವ ಬಣ್ಣ?”

ಮೇಷ್ಟ್ರು ಕಣ್ಣು ಮುಚ್ಚಿದರು. “ಹಳದಿ. ಮುಖಕ್ಕೆ ರಾಚೋ ಹಳದಿ.”

“ಕಾವಲುಗಾರರದ್ದು ಬಿಳಿ ಪಟ್ಟಿ,” ಅಂದಳು ಅವಳು. “ಹಳದಿ ಪಟ್ಟಿ ಅಲಾರಂ ಅಳವಡಿಸೋರದ್ದು. ಮನೆಗೆ ಬಂದು ತಂತಿ ಎಳೆದು, ಯಂತ್ರ ಕೂರಿಸಿ, ಖಾತೆಯ ವಿವರ ಎಲ್ಲ ಬರೆಸ್ಕೊಂಡು ಹೋಗ್ತಾರಲ್ಲ, ಅವರದ್ದು.”

ಗರಗಸ ಮೇಷ್ಟ್ರ ಎದುರು ಮಂಡಿಯೂರಿ ಕೂತಳು. “ಪದ ಇಟ್ಟ ದಿನ ಕೋಣೆಯಲ್ಲಿ ಯಾರ್ಯಾರಿದ್ರು? ಮೊದಲ ದಿನವೂ ಕೇಳಿದ್ದೆ. ಈಗ ನಿಜ ಹೇಳು.”

“ಆಗಲೂ ನಿಜಾನೇ ಹೇಳಿದೆ. ಅಕ್ಕ, ಅಕ್ಕನ ಮಗಳು, ನಾನು. ಮೂರೇ ಜನ.”

“ಪದ ಬರ್ಕೊಂಡಿದ್ದು ಯಾರು?”

ಮೇಷ್ಟ್ರು ಹಣೆ ಚಚ್ಚಿಕೊಂಡರು. ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆದವನನ್ನು, ಕೊಟ್ಟ ನೀರು ಕುಡಿದು ಲೋಟ ತೊಳೆದಿಟ್ಟವನನ್ನು, ‘ಕಷ್ಟ ಬಂದಾಗ ಹೇಳೋಕೆ ಒಂದು ಪದ ಹೇಳಿ ಅಮ್ಮಾ’ ಅಂತ ನಯವಾಗಿ ಕೇಳಿದವನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೆಲಸಕ್ಕೆ ಬಂದವನು, ಅವನನ್ನು ಯಾರು ಎಣಿಸುತ್ತಾರೆ!

ಅಕ್ಕ ಎಣಿಸಿದ್ದಳು. ಕೇಳಬಾರದವನು ಅಂದಿದ್ದಳು. ಅವಳಿಗೆ ಏನು ಕಂಡಿತ್ತು, ಯಾಕೆ ಅನುಮಾನ ಬಂದಿತ್ತು, ಆಸ್ಪತ್ರೆಯ ಮಂಚದಲ್ಲಿ ಮಲಗಿರುವ ಅವಳಿಗೆ ಮಾತ್ರ ಗೊತ್ತು.

“ಕನ್ನಡಕದಂಗಡಿಗೆ ಹೋದವನು ಯಾರು?” ಗರಗಸ ಎದ್ದು ನಿಂತಳು.

“ನಮ್ಮ ಹಿರಿಯ ಮನುಷ್ಯ ಮೇಡಂ,” ಅಂದ ಮ್ಯಾನೇಜರ್. “ಬಹಳ ಒಳ್ಳೆಯವನು. ಗ್ರಾಹಕರು ಅವನೇ ಬರಲಿ ಅಂತ ಹಟ ಹಿಡೀತಾರೆ.”

“ಒಳ್ಳೆಯವನೋ ಕೆಟ್ಟವನೋ ನಾನು ನೋಡ್ಕೋತೀನಿ. ಈಗೆಲ್ಲಿದಾನೆ?”

ಮ್ಯಾನೇಜರ್ ಬಾಯಿ ಬಿಡುವ ಮೊದಲೇ ಖಾತೆಯವಳು ಪರದೆಯ ಮೇಲೆ ಇನ್ನೊಂದು ಪುಟ ತೆರೆದಿದ್ದಳು. ಓದಿದಳು. ಮತ್ತೆ ಓದಿದಳು. ಅವಳ ಬೆರಳು ಪರದೆಯ ಮೇಲೇ ನಿಂತುಬಿಟ್ಟಿತು.

“ಬೆಳಿಗ್ಗೆ ಹೊಸ ಖಾತೆಗೆ ಕರೆ ಬಂದಿದೆ,” ಅಂದಳು. “ಒಬ್ಬಳೇ ಇರ್ತೀನಿ, ಹೆದರಿಕೆ ಆಗ್ತಿದೆ, ಇವತ್ತೇ ಅಲಾರಂ ಹಾಕಿ ಅಂದಿದಾರೆ. ಇವನು ಆಗಲೇ ಹೊರಟಿದಾನೆ. ವಿಳಾಸ…” ಓದಿ ಹೇಳಿದಳು.

ಮೇಷ್ಟ್ರು ನೆಲದಿಂದ ಚಂಗನೆ ಎದ್ದರು. “ಅದು ಅಕ್ಕನ ಮಗಳ ಮನೆ!”

“ಆಸ್ಪತ್ರೆಯಲ್ಲಿರಲ್ವಾ ಅವಳು?”

“ಮಧ್ಯಾಹ್ನದವರೆಗೆ ಅಲ್ಲಿ ನನ್ನ ಹೆಂಡತಿ ಇರ್ತಾಳೆ. ಹುಡುಗಿ ಸ್ನಾನ ಮಾಡಿ ಒಂದಿಷ್ಟು ಮಲಗ್ತೀನಿ ಅಂತ ಮನೆಗೆ ಹೋದ್ಲು.” ಅವರು ಆಗಲೇ ಫೋನ್ ಒತ್ತುತ್ತಿದ್ದರು.

“ಸ್ಪೀಕರ್ ಹಾಕು. ಬಾಯಿಬಿಟ್ಟು ಏನೂ ಹೇಳಬೇಡ. ಅವನು ಪಕ್ಕದಲ್ಲೇ ಇರ್ತಾನೆ.” ಗರಗಸ ಮ್ಯಾನೇಜರನ ಮೇಜಿನ ಫೋನನ್ನು ಕಿತ್ತು ಖಾತೆಯವಳ ಕೈಗೆ ಕೊಟ್ಟಳು. “ನೀನು ಪೊಲೀಸರಿಗೆ ಮಾಡು. ಆ ವಿಳಾಸಕ್ಕೆ ಈಗಲೇ ಹೋಗಬೇಕು ಅನ್ನು. ಅಲ್ಲಿ ಕೂತು. ಮೆಲ್ಲಗೆ.”

ಖಾತೆಯವಳು ಫೋನನ್ನು ಎದೆಗವಚಿಕೊಂಡು ಮೂಲೆಗೆ ಸರಿದಳು.

ಇತ್ತ ಗಂಟೆ ಬಾರಿಸಿತು. ಇನ್ನೊಮ್ಮೆ ಬಾರಿಸಿತು.

“ಹಾಂ, ಮಾವ!” ಹುಡುಗಿಯ ದನಿ ದಣಿದಿತ್ತು, ಆದರೆ ಹಗುರಾಗಿತ್ತು. “ನಾನೇ ಮಾಡೋಣ ಅಂತಿದ್ದೆ. ನಮ್ಮನೆಗೂ ಅಲಾರಂ ಹಾಕಿಸ್ತಿದೀನಿ. ಅಮ್ಮನ ಅಂಗಡಿಗೆ ಬಂದಿದ್ರಲ್ಲ, ಅವರೇ ಬಂದಿದಾರೆ. ಎಷ್ಟು ಒಳ್ಳೆಯವರು ಗೊತ್ತಾ? ಅಮ್ಮನಿಗೆ ಪ್ರಜ್ಞೆ ಬಂತಾ, ಏನಾದ್ರೂ ಮಾತಾಡಿದ್ರಾ ಅಂತ ಬಂದಾಗಿನಿಂದ ಹತ್ತು ಸಲ ಕೇಳಿದ್ರು ಪಾಪ.”

ಗರಗಸ ಮೇಷ್ಟ್ರ ಭುಜವನ್ನು ಹಿಸುಕಿದಳು. ‘ಮನೆಯಿಂದ ಆಚೆ ಕರೆ’ ಎಂದು ತುಟಿಯಲ್ಲೇ ಅಂದಳು.

“ಪುಟ್ಟ…” ಮೇಷ್ಟ್ರು ದನಿಯನ್ನು ಹೇಗೋ ಗಟ್ಟಿ ಹಿಡಿದರು. “ನಾನು ನಿಮ್ಮ ಬೀದಿಯ ಕೊನೇಲಿದೀನಿ. ಗಾಡಿ ಕೆಟ್ಟು ನಿಂತಿದೆ. ಒಂದು ನಿಮಿಷ ಬರ್ತೀಯಾ, ತಳ್ಳಬೇಕು.”

“ಈಗಲಾ? ಇವರು ಒಳಗಿದಾರಲ್ಲ ಮಾವ.”

“ಇರಲಿ ಬಿಡು, ಅವರ ಪಾಡಿಗೆ ಅವರು ಕೆಲಸ ಮಾಡ್ತಿರ್ತಾರೆ. ನೀನು ಬಾ.”

“ಸರಿ, ಚಪ್ಪಲಿ ಹಾಕ್ಕೊಂಡು…”

ಆ ಕಡೆ ಏನೋ ಸರಿದ ಸದ್ದು. ಬಾಗಿಲಿನ ಅಗುಳಿ ಬಿದ್ದ ಹಾಗೆ ಕೇಳಿಸಿತು. ಆಮೇಲೆ, ಫೋನಿಗೆ ತೀರಾ ಹತ್ತಿರದಿಂದ, ಒಬ್ಬ ಗಂಡಸಿನ ನಯವಾದ ದನಿ:

“ಯಾರಮ್ಮಾ ಫೋನಲ್ಲಿ, ಮಾವನಾ? ಕೊಡಿ ಇಲ್ಲಿ. ಅವರ ಹತ್ತಿರ ನನಗೂ ಸ್ವಲ್ಪ ಮಾತಿದೆ.”